ಐರೀನಳ ಸರದಿ

ಐರೀನ್ ವಾಸಿಲಿಕ್ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ. ಹನ್ನೊಂದು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತು ಅವಳನ್ನು ಕಂಡು ಕರುಬಿದವನು ನಾನು.

ನಮ್ಮದು ಕೆನಡಾದ ಕ್ಯಾಲ್ಗರಿಯ ಒಂದು ಸಣ್ಣ ಚಿಂತಕರ ಚಾವಡಿ. ಹಳೇ ಕಟ್ಟಡದ ಮೂರನೇ ಮಹಡಿ, ಒಂಬತ್ತು ಜನ. ಸರ್ಕಾರ ಎಲ್ಲೆಲ್ಲಿಂದ ಕೈ ತೆಗೆಯಬೇಕು ಎಂದು ಬರೆಯುವುದೇ ನಮ್ಮ ಕೆಲಸ. ತೆರಿಗೆ, ಶಾಲೆ, ತೈಲದ ಪೈಪ್‌ಲೈನ್ ಬೇರೆಯವರಿಗೆ. ನನ್ನ ಪಾಲಿಗೆ ಆಸ್ಪತ್ರೆ. ಸರ್ಕಾರವೇ ಆಸ್ಪತ್ರೆ ನಡೆಸುವ ಈ ದೇಶದಲ್ಲಿ ರೋಗಿ ಎಷ್ಟು ವಾರ ಕಾಯುತ್ತಾನೆ ಎಂದು ಹದಿನೇಳು ವರ್ಷದಿಂದ ವರ್ಷಕ್ಕೊಂದು ವರದಿ ಬರೆದಿದ್ದೇನೆ. ಖಾಸಗಿಯವರಿಗೂ ದಾರಿ ಬಿಡಿ, ದುಡ್ಡು ಕೊಡಲು ಕೈಲಾದವನು ಸರದಿಯಿಂದ ಆಚೆ ಹೋಗಲಿ ಎಂಬುದು ಪ್ರತಿ ವರದಿಯ ಕೊನೆಯ ಅಧ್ಯಾಯ. ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು, ಲೋರ್ನ್ ಹಾಲ್ವರ್ಸನ್.

ಐರೀನ್ ಬಂದದ್ದು ಫೋನ್ ಎತ್ತುವ ಕೆಲಸಕ್ಕೆ. ವೆಗ್ರೆವಿಲ್ ಕಡೆಯ ಗೋಧಿ ಬೆಳೆಗಾರನ ಮಗಳು, ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. "ನಮ್ಮಪ್ಪ ಬೆಳೆದ ಗೋಧಿನ ನಮ್ಮಪ್ಪ ತನಗೆ ಬೇಕಾದೋರಿಗೆ ಮಾರೋ ಹಾಗಿರ್ಲಿಲ್ಲ, ಸರ್ಕಾರದ ಮಂಡಳಿಗೇ ಕೊಡ್ಬೇಕಿತ್ತು. ದಿನಾ ಊಟದ ಹೊತ್ತಿಗೆ ಅದೇ ಬೈಗುಳ. ನಾನು ಈ ಕಡೆಯವಳಾಗಿದ್ದು ಪುಸ್ತಕ ಓದಿ ಅಲ್ಲ ಕಣಪ್ಪಾ" ಎನ್ನುತ್ತಿದ್ದಳು. ಅದೇ ಮಾತನ್ನು ಹೇಳಲು ನನಗೆ ನಲವತ್ತು ಪುಟ ಬೇಕಾಗುತ್ತಿತ್ತು.

ಪ್ರತಿ ಜನವರಿಯಲ್ಲಿ ನಾವು ತಜ್ಞ ವೈದ್ಯರಿಗೆಲ್ಲ ಪ್ರಶ್ನಾವಳಿ ಕಳಿಸುತ್ತೇವೆ, ಅವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಐರೀನ್ ವೈದ್ಯರ ತಂಟೆಗೇ ಹೋಗಲಿಲ್ಲ. ಅವರ ಕಚೇರಿಯ ಹೆಂಗಸರಿಗೆ ಫೋನ್ ಮಾಡತೊಡಗಿದಳು. ಯಾರ ಮಗ ಹಾಕಿ ತಂಡ ಸೇರಿದ, ಯಾರ ಅತ್ತೆ ಮಂಜಿನಲ್ಲಿ ಜಾರಿ ಬಿದ್ದಳು, ಎಲ್ಲ ಅವಳಿಗೆ ಗೊತ್ತು. ನೂರಕ್ಕೆ ಹತ್ತು ಬರುತ್ತಿದ್ದ ಉತ್ತರ ಮೂವತ್ತಕ್ಕೆ ಏರಿತು. ಪತ್ರಿಕೆಯವರು ನನ್ನ ವರದಿಯನ್ನು ನಂಬತೊಡಗಿದ್ದು ಆಮೇಲೆ. ನಾನು ಕೊನೆಯ ಪುಟದಲ್ಲಿ ಚಿಕ್ಕಕ್ಷರದಲ್ಲಿ ಅವಳಿಗೊಂದು ಕೃತಜ್ಞತೆ ಬರೆದೆ. "ಕನ್ನಡಕ ಹಾಕ್ಕೊಂಡು ಹುಡುಕಿದೆ, ಸಿಕ್ತು" ಎಂದು ನಕ್ಕಳು. ಆ ನಗುವಿಗೆ ಎಲ್ಲರೂ ನಕ್ಕರು. ನಾನು ಹೇಳಿದ ಯಾವ ಹಾಸ್ಯಕ್ಕೂ ಆ ಕಚೇರಿ ಹಾಗೆ ನಕ್ಕದ್ದಿಲ್ಲ.

ಇಬ್ಬರಿಗೂ ಸೊಂಟದ ಕೀಲು ಸವೆದದ್ದು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಇಬ್ಬರೂ ಒಬ್ಬನೇ ಶಸ್ತ್ರವೈದ್ಯನ ಪಟ್ಟಿಯಲ್ಲಿದ್ದೆವು. ಆಗಸ್ಟ್ ಹೊತ್ತಿಗೆ ನಾನು ಕಾದದ್ದು ಹದಿನಾಲ್ಕು ತಿಂಗಳು, ಅವಳು ಹನ್ನೊಂದು. ಕಚೇರಿಯ ಕಾಫಿ ಕೆಟಲ್ ತನಕ ನಡೆಯಲು ನನಗೆ ಗೋಡೆ ಬೇಕು, ಅವಳಿಗೆ ಕೋಲು ಬೇಕು.

ಆ ತಿಂಗಳ ಕೊನೆಗೆ ನಮ್ಮ ನಿರ್ದೇಶಕ ಗ್ರಾಂಟ್ ನನ್ನನ್ನು ಒಳಗೆ ಕರೆದ. ಅಕ್ಟೋಬರ್ ಕೊನೆಯ ವಾರ್ಷಿಕ ಔತಣದಲ್ಲಿ ಭಾಷಣ ಮಾಡುವುದು ಹದಿನೇಳು ವರ್ಷದಿಂದ ನಾನೇ.

"ಈ ಸಲ ಐರೀನ್ ಮಾತಾಡ್ಲಿ ಲೋರ್ನ್. ಜನಕ್ಕೆ ಅಂಕಿ-ಅಂಶ ನೋಡಿ ನೋಡಿ ಸಾಕಾಗಿದೆ. ಅವಳು ಕೋಲೂರ್ಕೊಂಡು ಬಂದು ನಿಂತ್ರೆ ಸಾಕು."

"ನನಗೂ ಅದೇ ಸೊಂಟ ಗ್ರಾಂಟ್."

"ಗೊತ್ತು. ಆದ್ರೆ ನೀನು ಮಾತಾಡಿದ್ರೆ ವರದಿ ಓದಿದ ಹಾಗಿರತ್ತೆ."

ಮೈಯೆಲ್ಲ ಉರಿಯಿತು. ಅದಾದ ಹತ್ತು ದಿನಕ್ಕೆ ಐರೀನ್ ಫೋನ್ ಕೆಳಗಿಟ್ಟು ಚೀರಿದಳು. "ಯಾರೋ ಬರಲ್ಲ ಅಂದ್ರಂತೆ, ಆಪರೇಷನ್‌ಗೆ ಜಾಗ ಖಾಲಿ ಆಯ್ತಂತೆ! ಸೋಮವಾರ ಬಾ ಅಂದ್ರು!" ಎಲ್ಲರೂ ಎದ್ದು ಅವಳನ್ನು ತಬ್ಬಿಕೊಂಡರು, ನಾನೂ ತಬ್ಬಿಕೊಂಡೆ. ತಬ್ಬಿಕೊಂಡೇ ಎಣಿಸಿದೆ: ಹದಿನಾಲ್ಕು, ಹನ್ನೊಂದು. ಆ ವೈದ್ಯನ ಕಚೇರಿಯ ಹೆಂಗಸು ಇವಳ ಫೋನ್ ಗೆಳತಿ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಮಧ್ಯಾಹ್ನ ಕಾರಿನಲ್ಲಿ ಕೂತು ಆಸ್ಪತ್ರೆಯ ದೂರು ವಿಭಾಗಕ್ಕೆ ಫೋನ್ ಮಾಡಿದೆ. ನನ್ನ ಹೆಸರು ಹೇಳಲಿಲ್ಲ, ಅವಳದನ್ನು ಹೇಳಿದೆ. "ನಾನು ಹದಿನಾಲ್ಕು ತಿಂಗಳಿಂದ ಕಾಯ್ತಿದ್ದೀನಿ, ಸ್ನೇಹ ಇದೆ ಅಂತ ಒಬ್ಬರನ್ನ ಮುಂದೆ ಬಿಟ್ಟಿದ್ದಾರೆ. ಸರದಿ ಅಂದ್ರೆ ಸರದಿ. ಯಾರೇ ಆಗ್ಲಿ ದಾಟಿ ಹೋಗಬಾರದು" ಎಂದೆ. ಹದಿನೇಳು ವರದಿ ಬರೆದ ಕೈಯೇ ಫೋನ್ ಹಿಡಿದಿತ್ತು. ನಾಚಿಕೆಯಾಗಲಿಲ್ಲ, ಖುಷಿಯಾಯಿತು.

ವಿಚಾರಣೆ ಮುಗಿಯುವ ತನಕ ಅವಳ ದಿನಾಂಕವನ್ನು ತಡೆಹಿಡಿದರು. ಶುಕ್ರವಾರ ಬೆಳಿಗ್ಗೆ ನನ್ನ ಫೋನ್ ಬಡಿದುಕೊಂಡಿತು, ನಂಬರ್ ಕಾಣಿಸದ ಕರೆ. ಖಾಲಿಯಾದ ಜಾಗದ ಆಸೆಗೆ ಈ ಸಲ ಎತ್ತಿದೆ. ಅದೇ ವೈದ್ಯನ ಕಚೇರಿಯ ಹೆಂಗಸು.

"ಹಾಲ್ವರ್ಸನ್ ಅವರಾ? ಅಂತೂ ಸಿಕ್ಕಿದ್ರಲ್ಲ! ಸೋಮವಾರ ಒಂದು ಜಾಗ ಇದೆ, ಬರ್ತೀರಾ? ಇದು ಮೊದ್ಲು ನಿಮಗೇ ಬಂದಿದ್ದು. ಮೂರು ಸಲ ಫೋನ್ ಮಾಡಿದ್ವಿ, ನೀವು ಎತ್ತಲೇ ಇಲ್ಲ. ಅದಕ್ಕೇ ಮುಂದಿನವರಿಗೆ ಕೊಟ್ಟಿದ್ವಿ."

ಹೆಸರಿಲ್ಲದ ಕರೆ ಎತ್ತುವ ಅಭ್ಯಾಸ ನನಗಿಲ್ಲ. ಐರೀನ್ ಯಾರನ್ನೂ ದಾಟಿರಲಿಲ್ಲ. ಅದು ಆ ಕ್ಷಣದಲ್ಲೇ ನನಗೆ ಸ್ಪಷ್ಟವಾಗಿ ತಿಳಿಯಿತು. ದೂರು ಕೊಟ್ಟವನು ನಾನೇ, ಅದು ಸುಳ್ಳು, ಜಾಗ ಅವಳಿಗೇ ಕೊಡಿ ಎನ್ನಲು ಅರ್ಧ ನಿಮಿಷ ಸಾಕಿತ್ತು.

"ಬರ್ತೀನಿ" ಎಂದೆ.

ವಿಚಾರಣೆಯಲ್ಲಿ ಅವಳದೇನೂ ತಪ್ಪಿಲ್ಲವೆಂದಾಯಿತು. ಹೊಸ ದಿನಾಂಕ ಕೊಟ್ಟರು, ಫೆಬ್ರವರಿಗೆ. ನಾನು ಆಪರೇಷನ್ ಮುಗಿಸಿ ಮನೆಯಲ್ಲಿ ಕಾಲು ಚಾಚಿಕೊಂಡಿದ್ದಾಗ ಅವಳು ಪೆರೋಗಿ ಕಡುಬು ಮಾಡಿಕೊಂಡು ಬಂದಳು, ಆಲೂಗಡ್ಡೆಯದು, ನನಗಿಷ್ಟವಾದದ್ದು. ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತು ಎಂಬುದು ಕಿಟಕಿಯಲ್ಲಿ ಕಾಣುತ್ತಿತ್ತು.

"ಏನಪ್ಪಾ ಲೋರ್ನ್, ಕುಣಿಯೋದು ಯಾವಾಗ?" ಎಂದಳು. ಬೇರೇನೂ ಕೇಳಲಿಲ್ಲ. ನನಗೆ ಪೆರೋಗಿ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ತಿಂದೆ.

ಔತಣಕ್ಕೆ ಮುನ್ನೂರು ಜನ ಸೇರಿದ್ದರು. ಬೀಫ್ ತಿಂದು ಮುಗಿಸಿ ಎಲ್ಲರೂ ಕುರ್ಚಿ ತಿರುಗಿಸಿದರು. ಐರೀನ್ ಕೋಲೂರಿಕೊಂಡು ನಿಧಾನವಾಗಿ ಮುಂದೆ ಬಂದಳು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

"ನಂಗೆ ಸೆಪ್ಟೆಂಬರಲ್ಲಿ ಕರೆ ಬಂದಿತ್ತು" ಎಂದು ಶುರು ಮಾಡಿದಳು. "ಯಾರೋ ದೂರು ಕೊಟ್ರು, ತಪ್ಪಿಹೋಯ್ತು. ಅವರ ಹೆಸರು ನಂಗೆ ಬೇಡ. ಎಷ್ಟು ತಿಂಗಳು ಕಾದಿದ್ರು ಅಂತ ಮಾತ್ರ ಗೊತ್ತು. ನನ್ನ ಕೆಲಸಾನೇ ಅದು ಕೇಳೋದಲ್ವಾ? ಹದಿನಾಲ್ಕು ತಿಂಗಳು."

ಜನ ನಕ್ಕರು. ನಾನು ಲೋಟ ಕೆಳಗಿಟ್ಟೆ.

"ಅವರು ಕೆಟ್ಟೋರಲ್ಲ" ಎಂದಳು. "ದಿನಾ ಒಟ್ಟಿಗೆ ಕಾಫಿ ಕುಡಿಯೋರೂ ಹದಿನಾಲ್ಕು ತಿಂಗಳು ನೋವು ತಿಂದ್ರೆ, ಮುಂದಿರೋರ ಬೆನ್ನನ್ನೇ ನೋಡ್ತಾ ನೋಡ್ತಾ ಹೀಗಾಗಿಬಿಡ್ತಾರೆ. ನಾವು ವಾರ ಎಣಿಸ್ತೀವಿ. ಇದನ್ನ ಎಣಿಸೋರು ಯಾರು?"

ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಎದ್ದೆ, ನೋವಿಲ್ಲದೆ, ಎಲ್ಲರಿಗಿಂತ ಸಲೀಸಾಗಿ. ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು, ಕ್ಷಮಿಸಿದ್ದೇನೆ ಎಂಬಂತೆ. ಆಗಲಾದರೂ ನನಗೆ ಅಳು ಬರಬೇಕಿತ್ತು. ನಾನು ಅಂದುಕೊಂಡದ್ದು ಬೇರೆ: ನನ್ನ ಭಾಷಣಕ್ಕೆ ಇವರು ಒಂದು ಸಲವೂ ಎದ್ದು ನಿಂತಿರಲಿಲ್ಲ.