ಇಳಿಜಾರು ದಾಟಿದ ಮೇಲೆ

ಆ ಚಳಿಗಾಲ ಮೊದಲಿನಿಂದಲೂ ಮೆಂಜಾಗೆ ಹಿಡಿಸಿರಲಿಲ್ಲ. ಮೊದಲ ಹಿಮ ಬೇಗ ಬಿದ್ದುಬಿಟ್ಟಿತ್ತು. ಆಮೇಲೆ ವಾರಗಟ್ಟಲೆ ಮೋಡವೇ ಇಲ್ಲದ ಚಳಿ ಕೊರೆದು, ಆ ಹಿಮವೆಲ್ಲ ಸಕ್ಕರೆಯ ಹಾಗೆ ಬಿಡಿಬಿಡಿ ಹರಳಾಯಿತು. ಅದರ ಮೇಲೆ ಗಾಳಿ ಗಟ್ಟಿ ಹಿಮವನ್ನು ಹಲಗೆ ಹಲಗೆಯಾಗಿ ಪೇರಿಸಿತು. ಬುಡದ ಸಕ್ಕರೆ ಕುಸಿದರೆ ಮೇಲಿನ ಹಲಗೆ ಇಡಿಯಾಗಿ ಜಾರಿ ಬರುತ್ತದೆ. ಎಂಗಡೀನ್ ಕಣಿವೆಯಲ್ಲಿ ಮೆಂಜಾ ಪರ್ವತ ಮಾರ್ಗದರ್ಶಿ. ಆ ವರ್ಷ ಎಷ್ಟೋ ಗುಂಪುಗಳನ್ನು ಅರ್ಧ ದಾರಿಯಿಂದಲೇ ವಾಪಸ್ ಕರೆತಂದು ಬೈಸಿಕೊಂಡಿದ್ದಳು.

ಗಂಡ ರಿಯೆತ್ ಬಡಗಿ. ಅವಳ ಹಿಂದೆ ಕಾಲಿಗೆ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವುದೆಂದರೆ ಅವನಿಗೆ ಪ್ರಾಣ.

"ಬೇರೆಯವರನ್ನೆಲ್ಲ ಕರ್ಕೊಂಡು ಹೋಗ್ತೀಯ. ನಾನು ಬಿಟ್ಟಿ ಗಿರಾಕಿ ಅಂತ ತಾತ್ಸಾರ," ಎಂದು ರೇಗಿಸುತ್ತಿದ್ದ.

"ಬಿಟ್ಟಿ ಗಿರಾಕಿ ಮಾತು ಕೇಳೋದಿಲ್ಲ, ಅದಕ್ಕೆ."

ಫೆಬ್ರವರಿ ಕೊನೆಗೆ ಹಿಮಕುಸಿತದ ಅಪಾಯದ ಮುನ್ಸೂಚನೆ, ಐದು ಮಟ್ಟಗಳಲ್ಲಿ, ಮೂರರಿಂದ ಎರಡಕ್ಕೆ ಇಳಿಯಿತು. ಇಬ್ಬರೂ ಬೆಳಗ್ಗೆಯೇ ಹೊರಟರು. ಕೊನೆಯ ಇಳಿಜಾರಿನ ಬುಡದಲ್ಲಿ ಅವಳು ಗುಂಡಿ ತೋಡಿ, ಹಿಮದ ಕಂಬವೊಂದನ್ನು ಕೊರೆದು ನಿಲ್ಲಿಸಿ, ಪದರ ಜಾರುತ್ತದೆಯೇ ಎಂದು ಅದರ ಮೇಲೆ ಸಲಿಕೆಯಿಟ್ಟು ಕೈಯಿಂದ ಬಡಿದು ನೋಡಿದಳು. ಕಂಬ ಮುರಿಯಲಿಲ್ಲ.

"ಏನಂತೆ ನಿನ್ನ ಸಕ್ಕರೆ?" ಎಂದ ರಿಯೆತ್.

"ಇದೆ. ಇಲ್ಲಂತೂ ಅಲುಗಾಡ್ತಿಲ್ಲ. ಒಬ್ಬೊಬ್ಬರೇ ದಾಟೋಣ, ನಾನು ಮೊದಲು."

ಅವಳು ದಾಟಿ, ಬಂಡೆಯ ಮರೆಯಲ್ಲಿ ನಿಂತು ಕೈ ಎತ್ತಿದಳು. ಅವಳ ಜಾಡಿನಲ್ಲೇ ಅವನು ಬಂದ. ನಡುವೆ ಒಂದು ಕಡೆ ಸ್ಕೀ ಸ್ವಲ್ಪ ಕೆಳಕ್ಕೆ ಜಾರಿತು, ಅಷ್ಟೇ. ಧಪ್ ಎಂದು ಮಂಕಾದ ಸದ್ದಾಯಿತು. ಅವನ ತಲೆಯ ಮೇಲ್ಗಡೆ ಹಿಮ ಉದ್ದಕ್ಕೂ ಬಿರಿಯಿತು. ಅವನು ಅವಳ ಕಡೆ ನೋಡಿದ. ಮರುಕ್ಷಣ ಇಡೀ ಇಳಿಜಾರು ಅವನನ್ನು ಹೊತ್ತುಕೊಂಡು ಹೋಯಿತು.

ಕಲಿತದ್ದನ್ನೆಲ್ಲ ಅವಳು ಒಂದೂ ಬಿಡದೆ ಮಾಡಿದಳು. ಸಹಾಯಕ್ಕೆ ಫೋನ್ ಮಾಡಿದಳು. ಹಿಮದಡಿ ಹೂತವರನ್ನು ಹುಡುಕಲೆಂದು ಇಬ್ಬರೂ ಎದೆಗೆ ಕಟ್ಟಿಕೊಂಡಿದ್ದ ಯಂತ್ರದ ಬೀಪ್ ಸದ್ದನ್ನು ಹಿಡಿದು ಹುಡುಕಿದಳು, ಸಲಾಕೆ ಚುಚ್ಚಿದಳು, ಅಗೆದಳು. ಮುಖ ಸಿಕ್ಕಿತು. ಬಾಯಿಂದ ಹಿಮ ತೆಗೆದು ಉಸಿರು ಊದಿದಳು. ಹೆಲಿಕಾಪ್ಟರ್ ಬಂದು ವೈದ್ಯರು ಭುಜ ಹಿಡಿದು ಎಬ್ಬಿಸುವವರೆಗೂ ಊದುತ್ತಲೇ ಇದ್ದಳು.

ತನಿಖೆಯಾಯಿತು. ಅವನು ಜಾರಿದಲ್ಲಿ ಹಿಮದಡಿ ಬಂಡೆಯೊಂದಿತ್ತು, ಮೇಲಿನ ಗಟ್ಟಿ ಪದರ ಅಲ್ಲಿ ತೆಳುವಾಗಿತ್ತು, ಮೇಲಿನಿಂದ ಅದು ಯಾರಿಗೂ ಕಾಣುವಂತಿರಲಿಲ್ಲ ಎಂದರು. ಯಾರದೂ ತಪ್ಪಿಲ್ಲ ಎಂದು ಮುಗಿಸಿದರು. ಊರಿನವರು ಮಾತ್ರ ತಪ್ಪು ಹುಡುಕುವುದನ್ನು ಬಿಡಲಿಲ್ಲ. ತಡವಾಗಿ ಹೊರಟರು ಎಂದರು, ಬಿಸಿಲೇರಿತ್ತು ಎಂದರು. ತಪ್ಪೊಂದು ಸಿಕ್ಕಿದರೆ ತಾವು ಅದನ್ನು ಮಾಡದೆ ಬದುಕಿಕೊಳ್ಳಬಹುದಲ್ಲ. ಮೆಂಜಾಗೆ ಅದು ಅರ್ಥವಾಗುತ್ತಿತ್ತು.

ಅತ್ತೆ ಬಾರ್ಬ್ಲಾ ಒಂದು ಮಧ್ಯಾಹ್ನ ಬಾರ್ಲಿ ಸೂಪಿನ ಪಾತ್ರೆ ತಂದು ಮೇಜಿನ ಮೇಲಿಟ್ಟು ನಿಂತೇ ಕೇಳಿದಳು.

"ನಿನ್ನ ಭಾರ ತಡ್ಕೊಂಡ ಹಿಮ ಅವನ ಭಾರಕ್ಕೆ ಯಾಕೆ ಮುರೀತು?"

ಮೆಂಜಾ ಹಿಮದಡಿಯ ಬಂಡೆಯ ವಿಷಯ ಹೇಳಿದಳು.

"ನಾನು ತಿಳಿದವಳಲ್ಲ. ಇಷ್ಟು ಹೇಳು. ನೀನು ಏನು ಮಾಡಿದ್ರೆ ಅವನು ಉಳೀತಿದ್ದ?"

"ಮನೇಲಿದ್ದಿದ್ರೆ, ಅತ್ತೆ."

"ನೀನು ತಪ್ಪು ಮಾಡಿದ್ದೀಯ ಅಂತ ಹೇಳಿದ್ರೆ ನಿನ್ನನ್ನ ಕ್ಷಮಿಸಬಹುದಿತ್ತು. ಈಗ ನಾನೇನು ಮಾಡ್ಲಿ?"

ಬಾರ್ಬ್ಲಾ ಮತ್ತೆ ಆ ಮನೆಗೆ ಬರಲಿಲ್ಲ.

ಮುಂದಿನ ಚಳಿಗಾಲ ಮೆಂಜಾ ಒಂದು ಗುಂಪನ್ನು ಕರೆದೊಯ್ದಳು. ಗುಂಡಿ ತೋಡಿದಳು. ಕಂಬ ಮುರಿಯಲಿಲ್ಲ. ಅದನ್ನೇ ನೋಡುತ್ತಾ ನಿಂತಳು. "ಹೋಗೋಣ" ಎಂಬ ಮಾತು ಬಾಯಿಗೆ ಬರಲೇ ಇಲ್ಲ. ವಾಪಸ್ ಬಂದರು. ಇನ್ನೆರಡು ಗುಂಪುಗಳಿಗೂ ಹಾಗೇ ಆದ ಮೇಲೆ ಅವಳನ್ನು ಕರೆಯುವವರೇ ಇಲ್ಲವಾದರು. ಈಗ ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಹೊದಿಕೆ ಮಡಚುತ್ತಾಳೆ.

ಮೊನ್ನೆ ಪಕ್ಕದ ಮನೆಯ ಗಂಡಹೆಂಡತಿ ಸ್ಕೀ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತರು.

"ಮೆಂಜಾ, ಇವತ್ತು ಮೇಲೆ ಹೋಗಬಹುದಾ?"

"ಗೊತ್ತಿಲ್ಲ."

"ನಿನಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತು?" ಎಂದು ನಕ್ಕು ಹೊರಟರು.

ಸಂಜೆ ಚಳಿಗೆ ಕೆನ್ನೆ ಕೆಂಪಗೆ ಮಾಡಿಕೊಂಡು ಇಬ್ಬರೂ ಮರಳಿದರು. "ನೋಡಿದ್ಯಾ, ಏನೂ ಆಗ್ಲಿಲ್ಲ," ಎಂದರು. ಮೆಂಜಾ ತಲೆಯಾಡಿಸಿ ಒಳಗೆ ಹೋಗಿ ಒಲೆಗೆ ಸೌದೆ ಇಟ್ಟಳು.