ನೆಲದ ಮ್ಯಾಲಿನ ಗುಮಾನಿ

ಯಾರ ಮನಿಗಿ ಹೋದ್ರೂ ನಾ ಈಗ ಮಂದಿ ಮಾರಿ ನೋಡಂಗಿಲ್ರಿ, ನೆಲ ನೋಡ್ತೀನಿ. ಮೊನ್ನೆ ಗೊರೇಬಾಳದಾಗ ಅತ್ತಿ ಚಾ ಕೊಟ್ಟು ಕುಂದ್ರು ಅಂದ್ಲು. ನಾ ನಿಂತಲ್ಲೇ, "ಅತ್ತಿ, ಈ ಬಚ್ಚಲ ಮುಂದ ಯಾವಾಗ್ಲೂ ಹಿಂಗ ಹಸಿ ಇರ್ತೈತೇನು?" ಅಂದೆ.

"ಚಾ ಕುಡ್ಯಾಕ ಬಂದೀಯೇನವಾ, ಪಂಚನಾಮಿ ಮಾಡಾಕ ಬಂದೀಯೋ?"

ಈ ಗುಮಾನಿ ರೋಗ ಹತ್ತಿದ್ದು ಲಿಂಗಸುಗೂರಿನ ಸಣ್ಣಜ್ಜಿ ಬಿದ್ದ ಮ್ಯಾಲ. ಸಣ್ಣಜ್ಜಿ ಅಂದ್ರ ನಮ್ಮಜ್ಜಿ ತಂಗಿ. ಜಳಕ ಮಾಡಿ ದೇವರ ಜಗಲಿ ಕಡಿ ಹೊಂಟಾಗ ಜರ್ರನ ಜಾರಿ ತೊಡಿ ಎಲುಬು ಮುರಕೊಂಡ್ಲು. ಮಸ್ಕಿಯೊಳಗ ನಮ್ಮ ಮನ್ಯಾಗೂ ಅಂಥದೇ ಬಚ್ಚಲ, ಅಂಥವೇ ಟೈಲ್ಸು, ಅಂಥಾಕೀನೇ ಅಜ್ಜಿ. ಮೊಬೈಲ್ನ್ಯಾಗ ವಿಡಿಯೋ ನೋಡಿ ನೋಡಿ ನಾ ಅರ್ಧ ಎಂಜಿನಿಯರ್ ಆದೆ. ಸಿಂಧನೂರಿಗೆ ಹೋಗಿ ಜಾರದ ರಬ್ಬರ್ ಮ್ಯಾಟ್ ತಂದು ಬಚ್ಚಲ ಬಾಗಲಿಗೆ ಹಾಸಿದೆ.

ಮರುದಿನ ನೋಡ್ತೀನಿ, ಮ್ಯಾಟ್ ಗ್ವಾಡಿಗೆ ಹೋಗಿ ಬಿದ್ದೈತಿ. ಸರಿ ಮಾಡಿದೆ. ಮತ್ತ ಮರುದಿನ ಹಂಗ! ತಮ್ಮನ ಮ್ಯಾಲ ಗುಮಾನಿ ಬಂತು. ಅವ ಏಳೋದ ಹೊತ್ತು ನೆತ್ತಿಗೆ ಬಂದ ಮ್ಯಾಲ, ಬಿಟ್ಟೆ. ಅವ್ವನ್ನ ಕೇಳಿದ್ರ "ನನಗೇನ್ ಬ್ಯಾರೆ ಕೆಲ್ಸಿಲ್ಲೇನು?" ಅಂದ್ಲು. ಬೆಕ್ಕನ್ನೂ ಬಿಡ್ಲಿಲ್ಲ. ಕಡೀಕ ಜಾರಂಗಿಲ್ಲ ಅಂತ ಹೇಳಿ ಕೊಟ್ಟ ಮ್ಯಾಟ ಜಾರಾಕತ್ತೈತೇನೋ ಅಂತ ಅದರ ಮ್ಯಾಲೂ ಗುಮಾನಿ.

ಒಂದಿನ ಮುಂಜಾನೆ ಬಾಯಾಗ ಬ್ರಶ್ ಇಟಗೊಂಡು ಕಂಬದ ಹಿಂದ ನಿಂತೆ. ಅಜ್ಜಿ ಒದ್ದಿ ಸೀರ್ಯಾಗ, ಕೈಯಾಗ ತುಂಬಿದ ತಂಬಿಗಿ ಹಿಡಕೊಂಡು ಹೊರಗ ಬಂದ್ಲು. ಅತ್ತಿತ್ತ ನೋಡಿದ್ಲು. ಒಂಟಿಗಾಲಿಲೆ ನಿಂತು, ಇನ್ನೊಂದು ಕಾಲಿನ ಉಂಗುಟಿಲೆ ಮ್ಯಾಟ್ ಚಿಮ್ಮಿದ್ಲು! ಹಸಿ ಟೈಲ್ಸಿನ ಮ್ಯಾಲ, ಒಂಟಿಗಾಲು! ನಾ ಪೇಸ್ಟ್ ನುಂಗೇಬಿಟ್ಟೆ.

"ಅಜ್ಜೀ! ಏನ್ ಮಾಡಾಕತ್ತೀ?"

"ಊರ ಮಂದಿ ತುಳದದ್ದು, ಮಡ್ಯಾಗ ನಾ ಹ್ಯಾಂಗ ತುಳೀಲಿ?"

ನೋಡ್ರಿ, ಬೀಳಬಾರದು ಅಂತ ತಂದದ್ದ ಆಕೀನ ಒಂಟಿಗಾಲಿಲೆ ನಿಂದ್ರಿಸಿತ್ತು. ಆಮ್ಯಾಲ ವಿಚಾರ ಮಾಡಿದೆ. ಮದಲ ಸಗಣಿ ಸಾರಿಸಿದ ನೆಲ ಇತ್ತು, ಕಾಲಿನ ನೀರು ಕುಡೀತಿತ್ತು. ಆಮ್ಯಾಲ ಬಂದ ಶಹಾಬಾದ ಕಲ್ಲಿನ ಪರಸಿನೂ ಸ್ವಲ್ಪ ಹಿಡೀತಿತ್ತು. ಈಗಿನ ಟೈಲ್ಸು ನಮ್ಮ ಮಾರಿ ತೋರಸ್ತಾವ, ಕಾಲು ಹಿಡ್ಯಂಗಿಲ್ಲ. ನೆಲ ಬದಲಾತು, ಒದ್ದಿ ಕಾಲಿನ ಮಡಿ ಹಂಗ ಉಳೀತು.

"ಬಿದ್ರ ಏನ್ ಮಾಡ್ತೀ?" ಅಂತ ನಾ ಜೋರು ಮಾಡಿದೆ.

ಅಜ್ಜಿ ತಂಬಿಗಿ ಕೆಳಗಿಟ್ಲು. "ನಿನ್ನ ಆಟ ನನಗ ತಿಳದೈತಿ. ಇವತ್ತು ಮ್ಯಾಟ್ ಹಾಸ್ತಿ. ನಾಳೆ ಬಚ್ಚಲಕ್ಕ ಕೈ ಹಿಡಕೊಂಡು ಒಯ್ತಿ. ನಾಡದು ನೀನ ನೀರು ಹಾಕ್ತಿ. ನನ್ನ ತಂಗಿ ಮಧ್ಯಾನದ ತನಕ ಬಾಯಾಗ ಹನಿ ನೀರು ಹಾಕ್ಕೊಳಂಗಿಲ್ಲ, ಗೊತ್ತೈತೇನು? ಸೊಸಿ ಕೈ ಬಿಡುವಾದಾಗ ಜಳಕ, ಜಳಕಾದ ಮ್ಯಾಲ ಪೂಜಿ. ನಾ ಅಂಥಾಕಿ ಆಗಾಂಗಿಲ್ಲ."

ನಾ ನೆಲದ ಮ್ಯಾಲ ಗುಮಾನಿ ಮಾಡಿದ್ರ, ಆಕಿ ನನ್ನ ಮ್ಯಾಲ ಮಾಡಾಕತ್ತಿದ್ಲು. ಆಕೀದ ಜಾಸ್ತಿ ಖರೇ ಇತ್ತು. ವಿಡಿಯೋದಾಗ ಎರಡನೇ ಪಾಠ ಅದ ಇತ್ರಿ, ಜಳಕ ಮಾಡಸೂದು.

"ಹಂಗಾರ ನೀ ಏನ್ ತುಳೀತಿ, ಹೇಳು."

ಅಜ್ಜಿ ತಂಬಿಗಿ ಮತ್ತ ಎತಗೊಂಡು, "ಕಂಬಳಿಗೆಲ್ಲಿ ಮೈಲಿಗಿ ಐತಿ?" ಅಂದ್ಲು, ನನಗಲ್ಲ, ತಂಬಿಗಿಗೆ ಹೇಳಿದಂಗ.

ಅವತ್ತ ಹಳೇ ಕರಿ ಕಂಬಳಿ ಕತ್ತರಿಸಿ ಮ್ಯಾಟಿನ ಮ್ಯಾಲ ಹೊಲದೆ. ಕೆಳಗ ರಬ್ಬರು ನೆಲ ಹಿಡೀತು, ಮ್ಯಾಲ ಕಂಬಳಿ ಆಕೀ ಮಡಿ ಹಿಡೀತು. ಅಜ್ಜಿ ಅದರ ಮ್ಯಾಲೇ ನಡದ್ಲು. ಆ ಹುರುಪಿನ್ಯಾಗ ಜಗಲಿ ಬಾಜೂಕ ಗ್ವಾಡಿಗೆ ಡ್ರಿಲ್ ಹೊಡದು ಒಂದು ಸ್ಟೀಲ್ ಹ್ಯಾಂಡಲ್ ಕೂಡ್ರಿಸಿದೆ, ಪೂಜಿ ಮುಗಿಸಿ ಏಳೂವಾಗ ಹಿಡ್ಯಾಕ. ಅಜ್ಜಿ ಅದರ ಮ್ಯಾಲ ಟವೆಲ್ ಒಗದು, "ಇದಕ್ಕರ ಬಂತು ತೊಗೊ" ಅಂದ್ಲು.

ನಿನ್ನೆ ಟವೆಲ್ ಎತ್ತಿ ನೋಡಿದೆ. ಸ್ಟೀಲಿನ ಮ್ಯಾಲ ಇಬತ್ತಿ ಗುರುತು. ಹಣಿಗೆ ಹಚ್ಚೂದು ಮೂರು ಬೆರಳಿಲೆ. ಇಲ್ಲಿ ಐದೂ ಬೆರಳು ಬಿದ್ದಿದ್ವು, ಗಟ್ಟಿ ಒತ್ತಿ ಹಿಡದಂಗ.

ಅಡಗಿ ಮನ್ಯಾಗಿಂದ ಅವ್ವ ಕೂಗಿದ್ಲು: "ಅಜ್ಜಿ ಆ ಹ್ಯಾಂಡಲ್ ಹಿಡೀತಾಳೇನವಾ?"

ನಾ ವೇಲಿನ ತುದೀಲೆ ಸ್ವಚ್ಛ ಒರಿಸಿ, ಟವೆಲ್ ಮದಲಿನಂಗ ಹಾಕಿದೆ.

"ಇಲ್ಲ ಬೇ, ಟವೆಲ್ ಒಣಗಸ್ತಾಳ."