ಎಲ್ಲರಿಗೂ ಒಂದೇ ರೂಲ್

ಇರಾನ್-ಇರಾಕ್ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಮುಂಬಯಿಯ ಗೋರೆಗಾಂವ್‌ನ ಒಂದು ಕಂಪನಿಯಲ್ಲಿದ್ದೆ. ಬೈಕುಲ್ಲಾದ ವರ್ಕ್‌ಶಾಪುಗಳಿಂದ ವೆಲ್ಡರುಗಳನ್ನು ಆರಿಸಿ ಇರಾಕಿನ ಸೈಟಿಗೆ ಕಳಿಸುವುದು ನನ್ನ ಕೆಲಸ. ಅವರು ಅಲ್ಲಿ ಇಳಿದ ತಕ್ಷಣ ಕಂಪನಿಯವರು ಪಾಸ್‌ಪೋರ್ಟ್ ಕಸಿದುಕೊಂಡು ತಿಜೋರಿಯಲ್ಲಿಡುತ್ತಿದ್ದರು. ಬಾಂಬು ಬಿದ್ದರೆ ಈ ಜನ ಊರಿಗೆ ಮರಳುವುದು ಹೇಗೆ ಎಂದು ಪ್ರತಿ ಮೀಟಿಂಗಿನಲ್ಲೂ ಜಗಳ ಕಾಯುತ್ತಿದ್ದೆ.

“ಕೈಗೆ ಕೊಟ್ರೆ ಓಡೋಗ್ತಾರೆ ಕಣಮ್ಮ. ರೂಲ್ ಅಂದ್ರೆ ರೂಲ್, ಎಲ್ರಿಗೂ ಒಂದೇ,” ಎನ್ನುತ್ತಿದ್ದರು ನಮ್ಮ ಮೈಸೂರಿನ ಸಾಹೇಬರು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತ.

ಒಮ್ಮೆ ಅವರೇ ಸೈಟ್ ನೋಡಲು ಹೊರಟರು. ನಾನು ಅಲ್ಲಿನ ಮ್ಯಾನೇಜರಿಗೆ ಟೆಲೆಕ್ಸ್ ಕಳಿಸಿದೆ: ಸಾಹೇಬರು ಬರುತ್ತಿದ್ದಾರೆ, ರೂಲ್ ಎಲ್ಲರಿಗೂ ಒಂದೇ ಎಂದಿದ್ದಾರೆ.

ಆ ಮ್ಯಾನೇಜರ್ ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಪ್ರಾಣಿ. ಸಾಹೇಬರ ಪಾಸ್‌ಪೋರ್ಟನ್ನೂ ಬಲು ವಿನಯದಿಂದ ಈಸಿಕೊಂಡು ತಿಜೋರಿಗೆ ಸೇರಿಸಿ, ಬೀಗದ ಕೈಯನ್ನು ಜೇಬಿಗಿಳಿಸಿ, ಕೆಲಸದ ಮೇಲೆ ಬಾಗ್ದಾದಿಗೆ ಹೊರಟುಹೋದ. ಆ ಸಂಜೆಯೇ ಸೈರನ್ ಕೂಗಿತು. ಸಾಹೇಬರು ವೆಲ್ಡರುಗಳ ನಡುವೆ ಕಂದಕದಲ್ಲಿ ಕೂತರಂತೆ. ಮ್ಯಾನೇಜರ್ ಬರುವವರೆಗೆ ವಿಮಾನವೂ ಇಲ್ಲ, ಬಿಸ್ಕತ್ತೂ ಇಲ್ಲ.

ಮುಂಬಯಿಗೆ ಮರಳಿದವರು ನೇರ ನನ್ನ ಮೇಜಿನ ಬಳಿ ಬಂದು ನಿಂತರು. ನನ್ನ ನೌಕರಿ ಹೋಯಿತು ಎಂದುಕೊಂಡೆ.

“ಇವತ್ತೇ ಎಲ್ರ ಪಾಸ್‌ಪೋರ್ಟೂ ವಾಪಸ್ ಕೊಡ್ಸಮ್ಮ,” ಎಂದರು. ಆಮೇಲೆ, ನನಗೆ ಗೊತ್ತೇ ಇಲ್ಲದ ಸುದ್ದಿ ಹೇಳುವವರಂತೆ ದನಿ ತಗ್ಗಿಸಿದರು: “ಅಲ್ಲಿ ಯುದ್ಧ ನಡೀತಿದೆ ಕಣಮ್ಮ!”